ಆರು ಮಿಲಿಮೀಟರ್ ಆಚೆ ಸರಿದ ನನ್ನ ಡಿಸ್ಕಿಗೆ

ಇವರಿಗೆ,
ಮಾನ್ಯ ಡಿಸ್ಕಿನವರು,
ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವೆ
(ಸದ್ಯಕ್ಕೆ ಸ್ವಲ್ಪ ಹೊರಗೆ).

ವಿಷಯ: ಎರಡು ವರ್ಷ ನಾಲ್ಕು ತಿಂಗಳಿನಿಂದ ನಡೆದುಬಂದಿರುವ ಬೆನ್ನುನೋವು, ಹಾಗೂ ಮುಂದಿನ ತಿಂಗಳು ಹದಿನೆಂಟರಂದು ನಿಗದಿಯಾಗಿರುವ ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಕುರಿತು.

ಮಾನ್ಯರೇ,

ಯೋಗಕ್ಷೇಮ ವಿಚಾರಿಸಿ ಪತ್ರ ಆರಂಭಿಸುವುದು ಸೌಜನ್ಯ. ಆದರೆ ತಮ್ಮ ಯೋಗಕ್ಷೇಮದ ಸುದ್ದಿ ಗಂಟೆ ಗಂಟೆಗೂ ನನ್ನನ್ನು ತಲುಪುತ್ತಿರುವುದರಿಂದ ಆ ಪ್ರಶ್ನೆಯನ್ನು ಕೈಬಿಟ್ಟು, ಗೌರವಪೂರ್ವಕ ನಮಸ್ಕಾರಗಳನ್ನು ಮಾತ್ರ ಸಲ್ಲಿಸುತ್ತೇನೆ. ಬಾಗಿ ಸಲ್ಲಿಸಬೇಕಾದ ನಮಸ್ಕಾರವನ್ನು ನೆಟ್ಟಗೆ ನಿಂತು ಸಲ್ಲಿಸುತ್ತಿರುವುದಕ್ಕೆ ಕಾರಣ ತಮಗೇ ಗೊತ್ತಿದೆ.

ಮೊದಲಿಗೆ ಸಂಗತಿಗಳನ್ನು ಕ್ರಮವಾಗಿ ದಾಖಲಿಸುತ್ತೇನೆ.

೧. ನನಗೆ ಐವತ್ತೆರಡು ವರ್ಷ. ತಮಗೂ ಅಷ್ಟೇ.

೨. ನನ್ನ ವೃತ್ತಿ ತೂಕದ ಯಂತ್ರಗಳ ಪರೀಕ್ಷೆ. ಗೋದಾಮು, ಕಾರ್ಖಾನೆಗಳಲ್ಲಿರುವ ದೊಡ್ಡ ಯಂತ್ರಗಳ ಮೇಲೆ ಇಪ್ಪತ್ತು ಕಿಲೋದ ಕಬ್ಬಿಣದ ಬಟ್ಟುಗಳನ್ನು ಒಂದೊಂದಾಗಿ ಇಟ್ಟು, ಯಂತ್ರ ನಿಜ ಹೇಳುತ್ತಿದೆಯೇ ಎಂದು ನೋಡುವುದು. ಅನುಭವ ಇಪ್ಪತ್ತಾರು ವರ್ಷ.

೩. ಎರಡು ವರ್ಷ ನಾಲ್ಕು ತಿಂಗಳ ಹಿಂದೆ, ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಒಂದು ಗೋದಾಮಿನಲ್ಲಿ ನಾನು ಮೂವತ್ತೇಳನೇ ಬಟ್ಟನ್ನು ಇಡುತ್ತಿದ್ದಾಗ ತಾವು ಸ್ವಸ್ಥಾನದಿಂದ ಹೊರಗೆ ಬಂದಿರಿ. ಬಟ್ಟು ಸದ್ದಿಲ್ಲದೆ ಕೂತಿತು. ನಾನು ಕೂತದ್ದು ಸದ್ದಿನೊಂದಿಗೆ.

೪. ಸ್ಕ್ಯಾನಿಂಗ್ ವರದಿಯ ಪ್ರಕಾರ ತಾವು ಹೊರಗೆ ಬಂದಿರುವುದು ಆರು ಮಿಲಿಮೀಟರ್.

೫. ಅಂದಿನಿಂದ ನೋವು ಸೊಂಟದಲ್ಲಿ ಹೊರಟು, ಎಡ ತೊಡೆಯ ಹಿಂಬದಿಯನ್ನು ಹಾದು, ಮೊಣಕಾಲಿನ ಕೆಳಗೆ ಹೊರಬದಿಗೆ ತಿರುಗಿ, ಎಡಗಾಲಿನ ಹೆಬ್ಬೆರಳಿನಲ್ಲಿ ನಿಲ್ಲುತ್ತದೆ. ಎಲ್ಲ ನಿಲ್ದಾಣಗಳಲ್ಲೂ ನಿಂತು ಹೋಗುತ್ತದೆ.

೬. ಇದುವರೆಗೆ ನೋಡಿದ ವೈದ್ಯರು ಮೂವರು. ಸಲಹೆ ಕೊಟ್ಟವರು ನಲವತ್ತೊಂದು ಮಂದಿ. ಇವರಲ್ಲಿ ಇಬ್ಬರು ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರು.

೭. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ ಊಟದ ಮೇಜಿನ ಮೇಲಿದೆ. ಶುಕ್ರವಾರ ಸಂಜೆಯೊಳಗೆ ಅದು ಆಸ್ಪತ್ರೆಗೆ ತಲುಪಬೇಕು. ಇವತ್ತು ಬುಧವಾರ.

೮. ಎರಡು ವರ್ಷದಿಂದ ನನ್ನ ಷೂ ಲೇಸುಗಳನ್ನು ಕಟ್ಟುತ್ತಿರುವವಳು ನನ್ನ ಹೆಂಡತಿ.

ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ತಾವು ಮುನಿಸಿಕೊಳ್ಳಬಾರದು. ನಾನು ಕುರ್ಚಿಯಿಂದ ಮೂರು ಹಂತಗಳಲ್ಲಿ ಏಳುವುದನ್ನೂ, ಮೂರನೇ ಹಂತದಲ್ಲಿ ಮೇಜಿನ ಅಂಚು ಹಿಡಿದು ಕಿಟಕಿಯಾಚೆ ಏನೋ ಮುಖ್ಯವಾದದ್ದು ಕಂಡವನಂತೆ ನಿಲ್ಲುವುದನ್ನೂ ಇಡೀ ಕಚೇರಿ ನೋಡಿರುವಾಗ, ಲಕೋಟೆಗೆ ಅಂಟು ಹಚ್ಚಿ ಮುಚ್ಚಿಡುವಂಥ ಗುಟ್ಟು ನಮ್ಮಿಬ್ಬರ ನಡುವೆ ಏನೂ ಉಳಿದಿಲ್ಲ. ಮೇಲಾಗಿ ನಲವತ್ತೊಂದು ಸಲಹೆಗಾರರಿಗೂ ಒಬ್ಬೊಬ್ಬರಾಗಿ ಉತ್ತರ ಹೇಳುವುದು ನನ್ನಿಂದಾಗದು. ಅವರಲ್ಲಿ ಗಟ್ಟಿ ಹಾಸಿಗೆ ಎಂದವರು ಹದಿನಾಲ್ಕು, ಮೆತ್ತನೆಯ ಹಾಸಿಗೆ ಎಂದವರು ಹನ್ನೊಂದು, ಹಾಸಿಗೆಯೇ ಬೇಡ, ನೆಲವೇ ಸರಿ ಎಂದವರು ಏಳು. ಉಳಿದ ಒಂಬತ್ತು ಮಂದಿ ತಂತಮ್ಮ ಭಾವಮೈದುನರ ಬೆನ್ನಿನ ಕತೆ ಹೇಳಿದರು. ಆ ಭಾವಮೈದುನರೆಲ್ಲ ಆಪರೇಷನ್ ಆದ ಮೇಲೆ ಒಂದೋ ಓಡುತ್ತಿದ್ದಾರೆ, ಇಲ್ಲವೇ ಮಲಗಿಯೇ ಇದ್ದಾರೆ. ಸುಮ್ಮನೆ ನಡೆದಾಡಿಕೊಂಡಿರುವ ಭಾವಮೈದುನ ಒಬ್ಬನೂ ನನಗೆ ಸಿಗಲಿಲ್ಲ. ಆದ್ದರಿಂದ ಈ ಪತ್ರದ ಒಂದು ಪ್ರತಿಯನ್ನು ನಮ್ಮ ಕಚೇರಿಯ ಸ್ಟೋರಿನ ನೋಟೀಸು ಬೋರ್ಡಿನ ಮೇಲೆ, ಬಾಗದೆ ಓದಬಹುದಾದ ಎತ್ತರದಲ್ಲಿ ಅಂಟಿಸಲಾಗುವುದು.

ತಮ್ಮ ಸೇವೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಕೃತಘ್ನನಾಗುತ್ತೇನೆ. ಬೆನ್ನಿನಲ್ಲಿ ತಮ್ಮಂಥವರು ಇಪ್ಪತ್ತಮೂರು ಮಂದಿ ಇದ್ದೀರೆಂದು ಓದಿದ್ದೇನೆ. ಉಳಿದ ಇಪ್ಪತ್ತೆರಡು ಮಂದಿಯ ವಿಳಾಸ ನನಗೆ ತಿಳಿಯದು. ತಕರಾರಿಲ್ಲದೆ ಕೆಲಸ ಮಾಡುವವರ ವಿಳಾಸ ಎಲ್ಲಿಯೂ ಯಾರಿಗೂ ತಿಳಿದಿರುವುದಿಲ್ಲ. ಐವತ್ತು ವರ್ಷ ತಾವೂ ಹಾಗೆಯೇ ಇದ್ದಿರಿ. ಅನಂತರದ ತಮ್ಮ ಪ್ರಗತಿ ಬೆರಗು ಹುಟ್ಟಿಸುವಂಥದ್ದು. ಆರು ಮಿಲಿಮೀಟರ್ ಎಂದರೆ ಪೆನ್ಸಿಲ್ಲಿನ ದಪ್ಪಕ್ಕಿಂತ ಕಡಿಮೆ. ಇಷ್ಟು ಚಿಕ್ಕ ಒತ್ತುವರಿಯಿಂದ ಒಬ್ಬ ಮನುಷ್ಯನ ನಿದ್ದೆ, ನಡಿಗೆ, ಸಿಟ್ಟು, ಬಸ್ಸಿನಲ್ಲಿ ಅವನು ಆರಿಸಿಕೊಳ್ಳುವ ಸೀಟು, ಎಲ್ಲವನ್ನೂ ವಶಪಡಿಸಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಸೀನಿನ ಮೇಲೆ ತಾವು ಸಾಧಿಸಿರುವ ಹಿಡಿತವಂತೂ ಅದ್ಭುತ. ಹಿಂದೆ ಸೀನು ಬರುತ್ತಿತ್ತು, ಸೀನುತ್ತಿದ್ದೆ. ಈಗ ಸೀನು ಬರುವ ಸೂಚನೆ ಸಿಕ್ಕರೆ ಎದ್ದು ನಿಂತು, ಗೋಡೆಗೆ ಎರಡೂ ಕೈ ಆನಿಸಿ, ಮೊಣಕಾಲು ತುಸು ಮಡಿಸಿ, ಮಾಡಿದ ಪಾಪಗಳನ್ನು ನೆನೆದು, ಆಮೇಲೆ ಸೀನುತ್ತೇನೆ; ಅಷ್ಟರಲ್ಲಿ ಅದು ಹೊರಟುಹೋದರೆ ಗೋಡೆಯನ್ನು ತಳ್ಳುತ್ತಿದ್ದ ಮನುಷ್ಯನಂತೆ ಕಾಣುತ್ತೇನೆ.

ವೈದ್ಯರ ಎದುರಿಗೆ ತಾವು ತೋರಿಸುವ ಸಭ್ಯತೆಯನ್ನೂ ಮೆಚ್ಚಬೇಕು. ಕೆಟ್ಟ ಯಂತ್ರ ಮೆಕ್ಯಾನಿಕ್ ಬಂದ ಕೂಡಲೇ ಸರಿಯಾಗಿ ನಡೆಯುವುದನ್ನು ನಾನು ವೃತ್ತಿಯಲ್ಲಿ ನೂರಾರು ಸಲ ನೋಡಿದ್ದೇನೆ. ಅಂಥ ಯಂತ್ರವೊಂದು ನನ್ನೊಳಗೇ ಇದೆಯೆಂದು ತಿಳಿದದ್ದು ಈಚೆಗೆ. ಕಾಯುವ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದೂವರೆ ಗಂಟೆ ನನ್ನನ್ನು ಹಿಂಡಿ, ನನ್ನ ಸರದಿ ಕೂಗಿದ ತಕ್ಷಣ ಸುಮ್ಮನಾಗುತ್ತೀರಿ. ಎಲ್ಲಿ ನೋಯುತ್ತದೆ ಎಂದು ವೈದ್ಯರು ಒತ್ತಿ ಕೇಳಿದಾಗ, ಈಗ ತಾನೇ ಇಲ್ಲೇ ಇತ್ತು ಎಂದು ಹುಡುಕಾಡುವ ನನ್ನ ಸ್ಥಿತಿ ಕನ್ನಡಕ ಕಳೆದುಕೊಂಡವನ ಸ್ಥಿತಿಗಿಂತ ಹೆಚ್ಚೇನೂ ಗೌರವದ್ದಲ್ಲ.

ತಮ್ಮ ನಿರ್ಗಮನಕ್ಕೆ ಕಾರಣ ಕೇಳಿ ನೋಟೀಸು ಕೊಡುವ ಹಕ್ಕು ನನಗಿದೆಯೆಂದು ಮೊದಲ ವರ್ಷವೆಲ್ಲ ನಂಬಿದ್ದೆ. ಈಗ ಕಾರಣ ನನಗೇ ಗೊತ್ತಿರುವುದರಿಂದ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕೆಲಸದಲ್ಲಿ ಪರೀಕ್ಷೆಯ ಬಟ್ಟನ್ನು ಎಳೆಯುವಂತಿಲ್ಲ, ಉರುಳಿಸುವಂತಿಲ್ಲ, ಕುಕ್ಕುವಂತಿಲ್ಲ. ಎಳೆದರೆ ತಳ ಸವೆಯುತ್ತದೆ, ಕುಕ್ಕಿದರೆ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಸವೆದ ಬಟ್ಟು ಮೈಮೇಲೆ ಇಪ್ಪತ್ತು ಕಿಲೋ ಎಂದು ಬರೆದುಕೊಂಡು ಅದಕ್ಕಿಂತ ತುಸು ಕಡಿಮೆ ತೂಗುತ್ತ, ಸರಿಯಾದ ಯಂತ್ರವನ್ನೇ ಸುಳ್ಳುಗಾರನನ್ನಾಗಿ ಮಾಡುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಕಿವಿಯ ಹತ್ತಿರ ಬಂದು, "ಇಟ್ಟಾಗ ಸದ್ದು ಬಂತು ಅಂದ್ರೆ ಅಷ್ಟು ತೂಕ ಹೋಯ್ತು ಅಂತ ತಿಳ್ಕೊಳಯ್ಯಾ" ಎಂದಿದ್ದರು. ಒಂದು ಟನ್ನಿನ ಯಂತ್ರವೆಂದರೆ ಐವತ್ತು ಬಟ್ಟು ಏರಿಸುವುದು, ಐವತ್ತು ಬಟ್ಟು ಇಳಿಸುವುದು. ನಾನು ಇಪ್ಪತ್ತಾರು ವರ್ಷ ಒಂದೊಂದನ್ನೂ ಸದ್ದಿಲ್ಲದೆ ಇಟ್ಟೆ. ಸದ್ದಿಲ್ಲದೆ ಇಡಬೇಕಾದರೆ ಕೊನೆಯ ಒಂದು ಅಂಗುಲವನ್ನು ಉಸಿರು ಹಿಡಿದು, ಪೂರ್ತಿ ಬಗ್ಗಿ, ಬಹಳ ನಿಧಾನವಾಗಿ ಇಳಿಯಬೇಕು. ಸ್ಟೋರ್ ನೋಡಿಕೊಳ್ಳುವ ಅಣ್ಣ, ನನ್ನನ್ನು ಮಿಲಿಗ್ರಾಂ ಎಂದೇ ಕರೆಯುವವರು, ಒಮ್ಮೆ ಇದನ್ನು ಕೊನೆಯವರೆಗೂ ನೋಡಿ, "ಏನ್ರೀ ಮಿಲಿಗ್ರಾಂ, ಮಗು ಮಲಗಿಸಿದ ಹಾಗೆ ಮಲಗಿಸ್ತೀರಲ್ಲ, ಎದ್ದು ಅಳುತ್ತಾ ಅದು?" ಎಂದು ಕೇಳಿದರು. ನನ್ನ ಪೆಟ್ಟಿಗೆಯ ಬಟ್ಟುಗಳು ಪ್ರತಿ ವರ್ಷದ ತಪಾಸಣೆಯಲ್ಲಿ ಎಲ್ಲರ ಬಟ್ಟುಗಳಿಗಿಂತ ಕಡಿಮೆ ಸವೆದಿರುತ್ತಿದ್ದವು; ಉತ್ತರ ಅದೇ ಎಂದುಕೊಂಡಿದ್ದೆ. ಅವುಗಳ ಬದಲಿಗೆ ಸವೆಯುತ್ತಿದ್ದವರು ತಾವೆಂದು ನನಗೆ ಯಾರೂ ವರದಿ ಕೊಟ್ಟಿರಲಿಲ್ಲ.

ಅದೇ ಸ್ಟೋರಿನ ಮೂಲೆಯಲ್ಲಿ ಸರಪಳಿಯಿಂದ ಬಟ್ಟು ಎತ್ತಿ ಇಡುವ ಒಂದು ಗಾಡಿ ಹೊದಿಕೆಯೊಳಗೆ ನಿಂತಿದೆ. ಅದು ಬಟ್ಟನ್ನು ಧಡ್ ಎಂದು ಇಡುತ್ತದೆ ಎಂಬ ಕಾರಣಕ್ಕೆ ಅದರ ಬಳಕೆಯನ್ನು ಆರು ವರ್ಷದ ಹಿಂದೆ ಲಿಖಿತವಾಗಿ ವಿರೋಧಿಸಿದವನು ನಾನೇ. ಪತ್ರ ಎರಡು ಪುಟವಿತ್ತು. ಮೇಲಧಿಕಾರಿಗಳು ಓದದೆಯೇ ಒಪ್ಪಿದರು.

ಇನ್ನು ಚಿಕಿತ್ಸೆಯ ವಿಚಾರ. ನನ್ನ ಮುಂದಿದ್ದ ದಾರಿಗಳು ಮೂರು: ಶಸ್ತ್ರಚಿಕಿತ್ಸೆ, ಬೆನ್ನಿಗೆ ಇಂಜೆಕ್ಷನ್, ಫಿಸಿಯೋ ಹೇಳಿಕೊಡುವ ವ್ಯಾಯಾಮ. ಏನೂ ಮಾಡದಿರುವುದು ನಾಲ್ಕನೇ ದಾರಿ. ಅದರಲ್ಲಿ ನಾನು ಆಗಲೇ ಎರಡು ವರ್ಷ ನಡೆದಾಗಿತ್ತು. ಇಂಥ ವಿಷಯವನ್ನು ಮನಸ್ಸಿನ ಅಂದಾಜಿಗೆ ಬಿಡುವವನು ನಾನಲ್ಲ. ತಾವು ಹೊರಗೆ ಬಂದ ಆರನೇ ದಿನದಿಂದಲೇ ಒಂದು ಪುಸ್ತಕವಿಟ್ಟು, ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಬರೆಯುತ್ತ ಬಂದೆ. ಅಳತೆ ಎಂದ ಮೇಲೆ ಜಾಗ, ಹೊತ್ತು, ಮನುಷ್ಯ ಮೂರೂ ಬದಲಾಗಬಾರದೆಂಬುದು ನಮ್ಮ ಕೆಲಸದ ನಿಯಮ. ಆದ್ದರಿಂದ ಜಾಗ ಮಲಗುವ ಕೋಣೆಯ ಮೇಜು, ಮನುಷ್ಯ ನಾನು. ಪುಸ್ತಕ ಇರುವುದು ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಸ್ವಂತ ಕಾಗದಪತ್ರಗಳಿಗೆಂದು ಮೊದಲಿನಿಂದಲೂ ಗೊತ್ತುಮಾಡಿದ್ದ ಜಾಗದಲ್ಲಿ. ಪುಸ್ತಕ ತೆಗೆದ ಕೂಡಲೇ, ನೆನಪು ಮಾಸುವ ಮೊದಲು, ಅಂಕ ಬರೆಯುವುದು. ಹೀಗೆ ಸಾವಿರದ ಆರುನೂರ ಐವತ್ತೆರಡು ಅಳತೆಗಳು. ಸರಾಸರಿ ಏಳು ಪಾಯಿಂಟ್ ಎರಡು.

ಆ ಸಂಖ್ಯೆಯನ್ನು ಹಿಡಿದು ಒಂದು ದೊಡ್ಡ ಹಾಳೆಯಲ್ಲಿ ಪಟ್ಟಿ ಮಾಡಿದೆ. ಅಪಾಯಕ್ಕೆ ಇಷ್ಟು, ರಜೆಗೆ ಇಷ್ಟು, ನೋವು ಕಡಿಮೆಯಾಗುವ ಸಾಧ್ಯತೆಗೆ ಇಷ್ಟು, ಮತ್ತೆ ಬಟ್ಟು ಎತ್ತಬಹುದೇ ಎಂಬುದಕ್ಕೆ ಎಲ್ಲಕ್ಕಿಂತ ಹೆಚ್ಚು ಎಂದು ಅಂಕ ಹಂಚಿದೆ. ಶಸ್ತ್ರಚಿಕಿತ್ಸೆ ಮೂರು ಅಂಕಗಳಿಂದ ಗೆದ್ದಿತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಶಸ್ತ್ರಚಿಕಿತ್ಸಕರ ಮುಂದಿಟ್ಟೆ. ಅವರು ಮೊದಲು ಪಟ್ಟಿಯನ್ನೂ, ಆಮೇಲೆ ನನ್ನನ್ನೂ, ಕೊನೆಗೆ ನನ್ನ ಎಡಗಾಲಿನ ಹೆಬ್ಬೆರಳನ್ನೂ ನೋಡಿದರು. ಹೆಬ್ಬೆರಳನ್ನು ಮೇಲೆತ್ತಿ ಹಿಡಿಯಲು ಹೇಳಿ, ತಮ್ಮ ಬೆರಳಿನಿಂದ ಕೆಳಕ್ಕೆ ಒತ್ತಿದರು, ಅದು ಬಗ್ಗಲಿಲ್ಲ. "ನಿಮ್ಮ ಅಂಕಿ ನೋಡಿದ್ರೆ ಆಪರೇಷನ್ ಮಾಡ್ಬೇಕು ಅನ್ಸತ್ತೆ, ನಿಮ್ಮ ಕಾಲು ನೋಡಿದ್ರೆ ಕಾಯೋಣ ಅನ್ಸತ್ತೆ. ಯಾವುದನ್ನ ನಂಬ್ಲಿ?" ಎಂದು ಕೇಳಿದರು. ಅಂಕಿಯನ್ನು ನಂಬಿ ಎಂದೆ. ಅವರು ತಾರೀಖು ಬರೆದುಕೊಟ್ಟರು.

ಇಲ್ಲಿಯವರೆಗಿನ ನಡವಳಿಕೆಯಲ್ಲಿ ನನ್ನ ತಪ್ಪೇನೂ ಇಲ್ಲವೆಂದು ತಾವು ತಿಳಿದಿದ್ದರೆ, ನಾನೂ ಹಾಗೆಯೇ ತಿಳಿದಿದ್ದೆ.

ಮೂರು ವಾರಗಳ ಹಿಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ನನ್ನ ಹೆಂಡತಿ ಅದೇ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಆಕೆ ಉಡುಪು ತಯಾರಿಸುವ ಕಡೆ ಕಟಿಂಗ್ ಮಾಸ್ಟರ್. ಬಟ್ಟೆಯ ಮೇಲೆ ಗೆರೆ ಹಾಕುವ ಮೊದಲು ಸುಮ್ಮನೆ ನಿಂತು ನೋಡುವ ಅಭ್ಯಾಸವಿದೆ. ಅವತ್ತು ನನ್ನನ್ನು ಹಾಗೆ ನೋಡಿದಳು. ನಾನು ಮೇಜಿನ ಅಂಚು ಹಿಡಿದು, ಬಗ್ಗಿ, ಕೆಳಗಿನ ಡ್ರಾಯರನ್ನು ಎಳೆದು, ಹಲ್ಲು ಕಚ್ಚಿ ಪುಸ್ತಕವನ್ನು ತೆಗೆದು, ಮೂರು ಹಂತಗಳಲ್ಲಿ ಎದ್ದು, ಏಳು ಎಂದು ಬರೆದೆ. "ರೀ, ಒಂದು ಮಾತು ಕೇಳ್ಲಾ," ಎಂದಳು. "ಪುಸ್ತಕ ತೆಗೆಯೋಕೆ ಬಗ್ತೀರಿ, ಬಗ್ಗಿದ್ದಕ್ಕೆ ನೋಯತ್ತೆ, ನೋಯ್ತು ಅಂತ ಅದೇ ಪುಸ್ತಕದಲ್ಲಿ ಬರೀತೀರಿ. ಎರಡು ವರ್ಷದಿಂದ ನೋಡ್ತಿದೀನಿ. ಇದೂ ಡಾಕ್ಟ್ರು ಹೇಳಿದ ವ್ಯಾಯಾಮ ಇರ್ಬೇಕು ಅಂದ್ಕೊಂಡು ಸುಮ್ನಿದ್ದೆ."

ಮಾನ್ಯರೇ, ತೂಕದ ಯಂತ್ರ ಹೆಚ್ಚು ತೋರಿಸುತ್ತಿದೆಯೆಂದು ಯಾರೇ ಕರೆದರೂ ನಾನು ಹೇಳುವ ಮೊದಲ ಮಾತು ಒಂದೇ: ಬಟ್ಟು ಆಮೇಲೆ, ಮೊದಲು ಏನೂ ಇಡದೆ ಸೊನ್ನೆ ತೋರಿಸುತ್ತಿದೆಯೇ ನೋಡಿ, ಮೇಲೆ ಯಾರಾದರೂ ಕೈ ಇಟ್ಟುಕೊಂಡು ನಿಂತಿದ್ದಾರೆಯೇ ನೋಡಿ. ಇದನ್ನು ಇಪ್ಪತ್ತಾರು ವರ್ಷ ಪರರಿಗೆ ಹೇಳಿದವನು ಸಾವಿರದ ಆರುನೂರ ಐವತ್ತೆರಡು ಸಲ ತನ್ನದೇ ಯಂತ್ರದ ಮೇಲೆ ಕೈ ಊರಿಕೊಂಡು ಓದಿದ್ದ. ಪುಸ್ತಕವನ್ನು ಎದೆಯೆತ್ತರದ ಕಪಾಟಿನ ಮೇಲೆ ಇಟ್ಟೆ. ಸಂಜೆ ಏಳಕ್ಕೆ ನಿಂತಲ್ಲೇ ಬರೆದೆ: ನಾಲ್ಕು.

ಒಂದು ಅಳತೆಯಿಂದ ತೀರ್ಮಾನಕ್ಕೆ ಬರುವುದು ಸಲ್ಲದೆಂದು ಮೂರು ವಾರ ಕಾದೆ. ನಲವತ್ತೆರಡು ಅಳತೆಗಳು, ಸರಾಸರಿ ನಾಲ್ಕು ಪಾಯಿಂಟ್ ಒಂದು. ನಡುವೆ ಒಂದು ಬೆಳಿಗ್ಗೆ, ಅಳತೆ ಮುಗಿದ ಮೇಲೆ, ಖಚಿತಪಡಿಸಿಕೊಳ್ಳಲೆಂದೇ ಪುಸ್ತಕವನ್ನು ಮತ್ತೆ ಕೆಳಗಿನ ಡ್ರಾಯರಿನಲ್ಲಿಟ್ಟು ತೆಗೆದೆ. ಏಳು. ನಾನು ಮೇಲೇಳುವ ಸದ್ದು ಕೇಳಿ ಹೆಂಡತಿ ಅಡುಗೆಮನೆಯಿಂದ, "ಸಾಕ್ಷಿ ಸಿಕ್ತಾ?" ಎಂದಳು.

ಹೀಗೆಂದು ತಾವು ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ನಾಲ್ಕು ಎಂಬುದು ಸೊನ್ನೆಯಲ್ಲ. ನಾಲ್ಕು ಎಂದರೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾಗದು. ನಾಲ್ಕು ಎಂದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದಕ್ಕೂ ಯೋಜನೆ ಹಾಕಬೇಕು. ನಾಲ್ಕು ಎಂದರೆ ನೆಲಕ್ಕೆ ಬಿದ್ದ ಪೆನ್ನನ್ನು ನೋಡಿ, ಅದು ನನಗೆ ನಿಜವಾಗಿಯೂ ಬೇಕೇ ಎಂದು ಯೋಚಿಸಬೇಕು. ನನ್ನ ಪುಸ್ತಕ ಸುಳ್ಳು ಹೇಳಿತೆಂಬ ಕಾರಣಕ್ಕೆ ತಮ್ಮ ಖ್ಯಾತಿಗೆ ಕುಂದು ಬಾರದಿರಲಿ. ತಮ್ಮ ಪಾಲಿನದು ತಮಗೆ, ಡ್ರಾಯರಿನ ಪಾಲಿನದು ಡ್ರಾಯರಿಗೆ ಸಲ್ಲಬೇಕೆಂಬುದಷ್ಟೇ ನನ್ನ ಉದ್ದೇಶ.

ಕಳೆದ ವಾರ, ಹೆಂಡತಿಯ ಒತ್ತಾಯಕ್ಕೆ, ಇದುವರೆಗೆ ಪಟ್ಟಿಯಲ್ಲಿ ಮಾತ್ರ ಭೇಟಿಯಾಗಿದ್ದ ಫಿಸಿಯೋ ಅವರ ಬಳಿಗೆ ಖುದ್ದಾಗಿ ಹೋದೆ. ಅವರು ಸ್ಕ್ಯಾನಿಂಗ್ ಚಿತ್ರವನ್ನು ಬದಿಗಿಟ್ಟು, ನೀರು ತುಂಬಿದ ಐದು ಲೀಟರಿನ ಕ್ಯಾನನ್ನು ತೋರಿಸಿ, ಕೆಲಸದಲ್ಲಿ ಹೇಗೆ ಇಡುತ್ತೀರೋ ಹಾಗೇ ಇಟ್ಟು ತೋರಿಸಿ ಎಂದರು. ಇಟ್ಟೆ. ಸದ್ದು ಬರಲಿಲ್ಲ. ಅವರು ಸ್ವಲ್ಪ ಹೊತ್ತು ಕ್ಯಾನನ್ನೇ ನೋಡಿ, ಮೊಣಕಾಲು ಮಡಿಸಿ, ಕ್ಯಾನನ್ನು ಹೊಟ್ಟೆಗೆ ಹತ್ತಿರ ಹಿಡಿದು, ಕೊನೆಯ ಒಂದು ಅಂಗುಲಕ್ಕೆ ಕೈ ಬಿಡಲು ಹೇಳಿಕೊಟ್ಟರು. ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ಕೈ ಬಿಡಲಿಲ್ಲ. "ಸದ್ದು ಬರ್ಲಿ ಬಿಡಿ ಸರ್, ನೀರಿನ ಕ್ಯಾನು ಇದು, ಯಾರೂ ಬೈಯಲ್ಲ," ಎಂದರು. ನಾಲ್ಕನೇ ಸಲ ಕ್ಯಾನು ಧಡ್ ಎಂದಿತು. ಪರದೆಯಾಚೆ ಮಲಗಿದ್ದ ರೋಗಿ ಏನಾಯಿತೆಂದು ಕೇಳಿದರು. ನಾನು ಕ್ಯಾನನ್ನು ಓರೆ ಮಾಡಿ ತಳ ಸವೆದಿದೆಯೇ ಎಂದು ನೋಡಿದೆ. ನೋಡಲು ಬಗ್ಗಿದ್ದಕ್ಕೆ ಅವರಿಂದ ಬೈಸಿಕೊಂಡೆ. ಬೆನ್ನಿನಲ್ಲಿ ಮಾತ್ರ, ಆ ನಾಲ್ಕನೇ ಸಲ, ತಾವು ಏನೂ ಹೇಳಲಿಲ್ಲ. ಇದನ್ನು ತಮ್ಮ ಪರವಾಗಿ ದಾಖಲಿಸಿದ್ದೇನೆ.

ಮೊನ್ನೆ ಸೋಮವಾರ ಶಸ್ತ್ರಚಿಕಿತ್ಸಕರ ಮುಂದೆ ಹೊಸ ಸರಾಸರಿಯನ್ನೂ, ಡ್ರಾಯರಿನ ವಿಷಯವನ್ನೂ ಒಪ್ಪಿಸಿದೆ. ಅವರು ನಗಲಿಲ್ಲ; ನಗದಿರಲು ತಗುಲಿದ ಶ್ರಮ ಅವರ ಮುಖದಲ್ಲಿ ಕಾಣುತ್ತಿತ್ತು. ಕಾಲಿನ ನೋವಿಗೆ ಮಾತು ಕೊಡಬಲ್ಲೆ, ಸೊಂಟದ ನೋವಿಗೆ ಕೊಡಲಾರೆ, ಯಾವ ಆಪರೇಷನ್ನಿನ ಮೇಲೂ ಮೊದಲಿನ ಹಾಗೆ ದಿನಕ್ಕೆ ನೂರು ಬಟ್ಟು ಎತ್ತಲು ಬಿಡಲಾರೆ ಎಂದರು. ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಕೊಟ್ಟಿದ್ದ ಸಾಲನ್ನು ಅವರು ಹೀಗೆ ಒಂದೇ ವಾಕ್ಯದಲ್ಲಿ ಹೊಡೆದುಹಾಕಿದರು. ಹಿಂದಿನ ಸಲವೇ ಕೇಳಿದ್ದರೆ ಹಿಂದಿನ ಸಲವೇ ಹೇಳುತ್ತಿದ್ದರು, ನಾನು ಕೇಳಿರಲಿಲ್ಲ. "ಹೆಬ್ಬೆರಳು ಎತ್ತೋಕೆ ಆಗ್ಲಿಲ್ಲ ಅಥವಾ ಮೂತ್ರದ ಮೇಲೆ ಹಿಡಿತ ತಪ್ತು ಅಂದ್ರೆ, ಪುಸ್ತಕ ಬರೀತಾ ಕೂರ್ಬೇಡಿ, ಅವತ್ತೇ ಬನ್ನಿ. ಇಲ್ದಿದ್ರೆ ತೀರ್ಮಾನ ನಿಮ್ಮದು, ಶುಕ್ರವಾರದ ಒಳಗೆ ಹೇಳಿ," ಎಂದು ಕಳಿಸಿದರು.

ಈಗ ನನ್ನ ಕೋರಿಕೆಗಳು. ಸೀನಿಗೆ ಇಪ್ಪತ್ತನಾಲ್ಕು ಗಂಟೆ ಮುಂಚಿತವಾಗಿ ಲಿಖಿತ ಸೂಚನೆ ದಯಪಾಲಿಸಬೇಕು. ನೋವಿನ ಸಮಯವನ್ನು ಕಚೇರಿಯ ಸಭೆಗಳಿಗೆ ಸೀಮಿತಗೊಳಿಸಿದರೆ ನನ್ನಿಂದ ಯಾವ ಆಕ್ಷೇಪಣೆಯೂ ಇರುವುದಿಲ್ಲ. ಸಭೆಯಿಂದ ನಡುವೆ ಎದ್ದುಹೋಗಲು ಅನುಮತಿಯಿರುವ ಏಕೈಕ ಸಿಬ್ಬಂದಿ ನಾನಾಗಿರುವುದು ತಮ್ಮ ಕೃಪೆಯೆಂದು ಬಲ್ಲೆ. ಹೊರಗೆ ಬಂದಿರುವ ಆರರಲ್ಲಿ ಎರಡು ಮಿಲಿಮೀಟರನ್ನು ತಾವೇ ಇಟ್ಟುಕೊಂಡು ಉಳಿದ ನಾಲ್ಕನ್ನು ಹಿಂದಿರುಗಿಸುವ ಬಗ್ಗೆ ಪರಿಶೀಲಿಸಬೇಕು. ಬದಲಿ ಜಾಗವೇ ಬೇಕೆಂದಾದರೆ ನನ್ನ ಬಲಗಿವಿಯ ತುದಿಯಲ್ಲಿ ಯಾವ ಕೆಲಸವೂ ನಡೆಯುತ್ತಿಲ್ಲ. ಅಲ್ಲಿ ಖಾಯಂ ನೇಮಕಕ್ಕೆ ಶಿಫಾರಸು ಮಾಡಲು ಸಿದ್ಧನಿದ್ದೇನೆ. ಹಾಗೆಯೇ ಮುಂದಿನ ಸಲ ವೈದ್ಯರ ಕೋಣೆಗೆ ಹೋದಾಗ ತಾವೂ ಒಳಗೆ ಬರಬೇಕು.

ಈ ಕೋರಿಕೆಗಳು ಒಂದೂ ಈಡೇರದಿದ್ದರೂ ನಡೆಯುತ್ತದೆ. ಒಂದು ವಿಷಯದಲ್ಲಿ ಮಾತ್ರ ನಾನು ತಮ್ಮೊಂದಿಗೆ ಸೌಜನ್ಯ ಬಿಟ್ಟು ಮಾತಾಡಬೇಕಾಗಿದೆ.

ಬಟ್ಟುಗಳ ನಡುವೆ ಕೆಲಸ ಮಾಡುವವರು ಲೇಸು ಕಟ್ಟುವ, ಮುಂದೆ ಉಕ್ಕಿನ ಟೋಪಿಯಿರುವ ಷೂಗಳನ್ನೇ ಹಾಕಬೇಕೆಂಬುದು ನಿಯಮ. ಅವನ್ನು ಸಂಜೆ ಬಿಚ್ಚುವುದಕ್ಕೆ ಉದ್ದನೆಯ ತಂತಿಯ ಕೊಕ್ಕೆಯೊಂದನ್ನು ನಾನೇ ಮಾಡಿಕೊಂಡೆ. ಬೆಳಿಗ್ಗೆ ಕಟ್ಟುವುದಕ್ಕೆ ಉಪಾಯ ಹೊಳೆಯಲಿಲ್ಲ. ಆದ್ದರಿಂದ ಎರಡು ವರ್ಷದಿಂದ ಪ್ರತಿ ಬೆಳಿಗ್ಗೆ ಎಂಟು ಹತ್ತಕ್ಕೆ ನಾನು ಬಾಗಿಲ ಬಳಿ ನಿಲ್ಲುತ್ತೇನೆ, ಅವಳು ಮಂಡಿಯೂರಿ ಕಟ್ಟುತ್ತಾಳೆ. ಮೊದಮೊದಲು ನಾವಿಬ್ಬರೂ ಮಾತಾಡುತ್ತಿದ್ದೆವು, ಆಮೇಲೆ ಅದೊಂದು ದಿನದ ಕೆಲಸವಾಯಿತು. ನಿನ್ನೆ ಬೆಳಿಗ್ಗೆ ಕಟ್ಟಿ ಮುಗಿಸಿ ಏಳುವಾಗ ಅವಳು ಬಾಗಿಲ ಚೌಕಟ್ಟನ್ನು ಹಿಡಿದು ಎದ್ದಳು. ಚೌಕಟ್ಟಿನಲ್ಲಿ ಕೈ ಹಿಡಿಯುವ ಎತ್ತರದಲ್ಲಿ ಬಣ್ಣ ಮಾಸಿ, ಅಂಗೈ ಅಗಲದ ಕಲೆಯಾಗಿದೆ. ಅಷ್ಟು ಮಾಸಬೇಕಾದರೆ ತಿಂಗಳುಗಟ್ಟಲೆ ಹಿಡಿದಿರಬೇಕು. ಎಂದಿನಿಂದ ಎಂದು ಕೇಳಿದೆ. "ಯಾವುದು ಎಂದಿನಿಂದ?" ಎಂದಳು. ಮೊಣಕಾಲು ಎಂದೆ. "ಓ, ಅದಾ. ದಿನವೆಲ್ಲಾ ನಿಂತು ಕತ್ತರಿ ಆಡಿಸೋಳಿಗೆ ಮೊಣಕಾಲು ನೋಯದೆ ಕಿವಿ ನೋಯತ್ತಾ? ಹೊರಡಿ, ಬಸ್ಸು ಹೋಗತ್ತೆ," ಎಂದಳು.

ನನ್ನ ನೋವಿಗೆ ಸಾವಿರದ ಆರುನೂರ ತೊಂಬತ್ತನಾಲ್ಕು ದಾಖಲೆಗಳಿವೆ. ಅವಳ ನೋವಿಗೆ ಬಾಗಿಲ ಚೌಕಟ್ಟಿನ ಮೇಲೆ ಒಂದು ಕಲೆಯಿದೆ, ಅದಕ್ಕೆ ತಾರೀಖಿಲ್ಲ. ತೂಗುವುದನ್ನೇ ವೃತ್ತಿ ಮಾಡಿಕೊಂಡವನ ಮನೆಯಲ್ಲಿ ಇದು ಹೇಗೆ ನಡೆಯಿತೆಂದು ತಮ್ಮನ್ನು ಕೇಳುವುದು ನ್ಯಾಯವಲ್ಲ. ಇದರಲ್ಲಿ ತಮ್ಮ ಪಾತ್ರ ಆರು ಮಿಲಿಮೀಟರ್ ಮಾತ್ರ.

ಆದ್ದರಿಂದ ತಮ್ಮ ಗಮನಕ್ಕೆ ತರುವುದೇನೆಂದರೆ: ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕುತ್ತಿಲ್ಲ. ಹದಿನೆಂಟನೇ ತಾರೀಖನ್ನು ಬೇರೊಬ್ಬ ರೋಗಿಗೆ ಕೊಡುವಂತೆ ನಾಳೆ ಆಸ್ಪತ್ರೆಗೆ ತಿಳಿಸುತ್ತೇನೆ. ಹನ್ನೆರಡು ವಾರ ಫಿಸಿಯೋ ಹೇಳಿದ್ದನ್ನು ಮಾಡುತ್ತೇನೆ, ಅನಂತರ ಮತ್ತೆ ಶಸ್ತ್ರಚಿಕಿತ್ಸಕರನ್ನು ಕಾಣುತ್ತೇನೆ. ಅಷ್ಟರಲ್ಲಿ ಹೆಬ್ಬೆರಳು ಸೋತರೆ ಅವತ್ತೇ ಹೋಗುತ್ತೇನೆ. ಗಾಡಿಯ ವಿರುದ್ಧ ಬರೆದ ಪತ್ರವನ್ನು ಲಿಖಿತವಾಗಿ ಹಿಂದಕ್ಕೆ ಪಡೆದಿದ್ದೇನೆ. ಸ್ಟೋರಿನ ಅಣ್ಣ ಇವತ್ತು ಮಧ್ಯಾಹ್ನ ಅದರ ಹೊದಿಕೆ ತೆಗೆದು, ಸರಪಳಿಗೆ ಎಣ್ಣೆ ಬಿಟ್ಟು, ಪರೀಕ್ಷೆಗೆಂದು ನನ್ನದೇ ಪೆಟ್ಟಿಗೆಯ ಮೊದಲನೇ ಬಟ್ಟನ್ನು ಎತ್ತಿ ಇಟ್ಟರು. ಅದು ಇಡೀ ಸ್ಟೋರಿಗೆ ಕೇಳಿಸಿತು. ಅವರು ನನ್ನ ಮುಖ ನೋಡಿದರು. ಇನ್ನೂ ನಲವತ್ತೊಂಬತ್ತಿವೆ, ಇಡಿ ಎಂದೆ. ಇನ್ನು ಮುಂದೆ ಬಟ್ಟು ಇಡುವುದು ಗಾಡಿ, ಅಂಕಿ ಓದುವುದು ನಾನು.

ಇಂತು,
ಎಲ್ಲಿಗೆ ಹೊರಟರೂ ತಮ್ಮನ್ನು ಬಿಟ್ಟುಹೋಗಲಾಗದ,
ತಮ್ಮ ವಿಶ್ವಾಸಿ,
ತೂಕದ ಯಂತ್ರಗಳ ಪರೀಕ್ಷಕ
(ಸ್ಟೋರಿನಲ್ಲಿ ಮಿಲಿಗ್ರಾಂ)

ವಿಶೇಷ ಸೂಚನೆ: ಈ ಪತ್ರವನ್ನು ಪೂರ್ತಿಯಾಗಿ ಕಪಾಟಿನ ಬಳಿ ನಿಂತು ಬರೆದಿದ್ದೇನೆ. ನಾನು ಕೂತು ಬರೆಯಲೆಂದು ತಾವು ಕಾಯುತ್ತಿದ್ದರೆ ಕಾಯಿಸಿದ್ದಕ್ಕೆ ಕ್ಷಮೆಯಿರಲಿ. ಫಿಸಿಯೋ ಅವರ ಕೋಣೆಯಲ್ಲಿ ಕಾಲಿಡಲು ಒಂದು ಸ್ಟೂಲಿತ್ತು. ಅಂಥದೇ ಸ್ಟೂಲು ನಮ್ಮ ಮನೆಯಲ್ಲಿ, ಬಾಗಿಲಿನಿಂದ ಎರಡು ಅಡಿ ದೂರದಲ್ಲಿ, ಹೂಕುಂಡ ಹೊತ್ತುಕೊಂಡು ಎರಡು ವರ್ಷದಿಂದ ನಿಂತಿದೆ. ಇವತ್ತು ಬೆಳಿಗ್ಗೆ ಹೂಕುಂಡವನ್ನು ಇಳಿಸಿ, ಬಲಗಾಲನ್ನು ಸ್ಟೂಲಿನ ಮೇಲಿಟ್ಟು, ಲೇಸನ್ನು ನಾನೇ ಕಟ್ಟಿಕೊಂಡೆ. ನಾಲ್ಕು ನಿಮಿಷ ಹಿಡಿಯಿತು. ಅವಳು ನೋಡಿ, "ಇದೇನು ಲೇಸಾ, ಪಾರ್ಸೆಲ್ಲಾ?" ಎಂದು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಎಡಗಾಲನ್ನು ಸ್ಟೂಲಿನ ಮೇಲಿಟ್ಟೆ. ಅವಳು ನಿಂತೇ ಕಟ್ಟಿದಳು. ನಾಳೆಯಿಂದ ಬಲಗಾಲು ನನ್ನದು, ಎಡಗಾಲು ಅವಳದು, ಹೂಕುಂಡ ನೆಲದ ಮೇಲೆ ಎಂದು ತೀರ್ಮಾನಿಸಿದ್ದೇನೆ.